ಇನ್ಶೂರೆನ್ಸ್ ಪಾಲಿಸಿ ಬೇಡ ಅನ್ನಿಸಿದರೆ ಏನು ಮಾಡಬೇಕು? ಓದುವುದರಿಂದ ರದ್ದು ಮಾಡುವವರೆಗೆ, ಹಂತ ಹಂತವಾಗಿ

"ಸಾಲಕ್ಕೆ ಅಂತ ಹೋದಾಗ ಒಂದು ಪಾಲಿಸಿ ಮಾಡಿಸಿದರು. ಈಗ ಬೇಡ. ಕಟ್ಟಿದ ದುಡ್ಡು ವಾಪಸ್ ಬರುತ್ತಾ?" ದಾವಣಗೆರೆ, ಚನ್ನಗಿರಿ, ಹೊಳಲ್ಕೆರೆ, ಹಿರಿಯೂರು ಕಡೆಯ ಓದುಗರಿಂದ ಪದೇ ಪದೇ ಬರುವ ಪ್ರಶ್ನೆ ಇದು. ಅಡಿಕೆ ಅಥವಾ ಮೆಕ್ಕೆಜೋಳದ ದುಡ್ಡು ಖಾತೆಗೆ ಬಿದ್ದ ಮೇಲೆ ಬ್ಯಾಂಕಿನ ಕೌಂಟರ್‌ನಲ್ಲಿ ಸಹಿ ಹಾಕಿಸಿಕೊಂಡಿರುತ್ತಾರೆ. "ಎಫ್‌ಡಿ ಥರಾನೇ" ಎಂದು ಹೇಳಿರುತ್ತಾರೆ. ಎರಡನೇ ವರ್ಷ ಮತ್ತೆ ಕಂತು ಕಡಿತವಾದಾಗಲೇ ಅದು ವಿಮೆ ಅಂತ ಗೊತ್ತಾಗುವುದು.

ಉತ್ತರ ಎರಡು ವಿಷಯದ ಮೇಲೆ ನಿಂತಿದೆ. ನಿಮ್ಮದು ಯಾವ ಬಗೆಯ ಪಾಲಿಸಿ? ಬಾಂಡ್, ಅಂದರೆ ಪಾಲಿಸಿಯ ದಾಖಲೆ, ನಿಮ್ಮ ಕೈ ಸೇರಿ ಎಷ್ಟು ದಿನವಾಯಿತು? ಇನ್ನೊಂದು ಮಾತನ್ನು ಈಗಲೇ ಹೇಳಿಬಿಡುತ್ತೇನೆ. ಕಂತು ಕಟ್ಟುವುದನ್ನು ಸುಮ್ನೆ ನಿಲ್ಲಿಸಿದರೆ ಪಾಲಿಸಿ ರದ್ದು ಮಾಡಿದಂತೆ ಆಗುವುದಿಲ್ಲ. ಹಾಗೆ ಬಿಟ್ಟವರೇ ಜಾಸ್ತಿ ದುಡ್ಡು ಕಳೆದುಕೊಂಡಿರುವುದು.

ಶುರು ಮಾಡುವ ಮೊದಲು ಇವಿಷ್ಟನ್ನು ಒಂದು ಕಡೆ ಇಟ್ಟುಕೊಳ್ಳಿ: ಪಾಲಿಸಿ ಬಾಂಡ್ (ಇ-ಮೇಲ್‌ನಲ್ಲಿ ಬಂದಿದ್ದರೂ ಸರಿ), ನೀವು ಸಹಿ ಮಾಡಿದ ಅರ್ಜಿಯ ಪ್ರತಿ, ಕಂತು ಕಟ್ಟಿದ ರಸೀದಿಗಳು, ಬ್ಯಾಂಕ್ ಪಾಸ್‌ಬುಕ್, ಆಧಾರ್, ಪ್ಯಾನ್, ಒಂದು ಕ್ಯಾನ್ಸಲ್ ಮಾಡಿದ ಚೆಕ್. ಬಾಂಡ್ ಬಂದ ಲಕೋಟೆಯನ್ನು ಎಸೆಯಬೇಡಿ. ಯಾಕೆ ಅಂತ 4ನೇ ಹಂತದಲ್ಲಿ ಗೊತ್ತಾಗುತ್ತದೆ.

1. ನಿಮ್ಮ ಹೆಸರಲ್ಲಿ ಏನೇನಿದೆ, ಮೊದಲು ಪಟ್ಟಿ ಮಾಡಿ

ಪಾಸ್‌ಬುಕ್‌ಗೆ ಒಂದು ವರ್ಷದ ಎಂಟ್ರಿ ಹಾಕಿಸಿ. ವಿಮೆಗೆ ಹೋದ ದುಡ್ಡಿಗೆಲ್ಲ ಗುರುತು ಹಾಕಿ.

436 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನ ಮಂತ್ರಿ ಜೀವನ ಜ್ಯೋತಿ ಬಿಮಾ. ಯಾವ ಕಾರಣಕ್ಕೆ ಸಾವಾದರೂ ನಾಮಿನಿಗೆ 2 ಲಕ್ಷ ಸಿಗುತ್ತದೆ, ಆದರೆ ಹೊಸದಾಗಿ ಸೇರಿದ ಮೊದಲ 30 ದಿನ ಅಪಘಾತದ ಸಾವಿಗೆ ಮಾತ್ರ. 20 ರೂಪಾಯಿ ಕಡಿತವಾಗಿದ್ದರೆ ಅದು ಸುರಕ್ಷಾ ಬಿಮಾ, ಅಪಘಾತಕ್ಕೆ ಮಾತ್ರ. ಎರಡೂ ಜೂನ್ 1ರಿಂದ ಮೇ 31ರವರೆಗೆ ನಡೆಯುತ್ತವೆ. ಇವನ್ನು ರದ್ದು ಮಾಡಬೇಡಿ ಎಂದೇ ನನ್ನ ಸಲಹೆ. ಆದರೆ ಎರಡು ಬ್ಯಾಂಕಿನಲ್ಲಿ ಎರಡು ಸಲ ಕಡಿತವಾಗುತ್ತಿದ್ದರೆ ಒಂದನ್ನು ನಿಲ್ಲಿಸಿ. ಎಷ್ಟು ಖಾತೆಯಿಂದ ಕಟ್ಟಿದರೂ ಒಂದು ಯೋಜನೆಯಡಿ ಸಿಗುವುದು 2 ಲಕ್ಷವೇ. ಮೇ ಕೊನೆಯಲ್ಲಿ ದುಡ್ಡು ಕಡಿತವಾಗುವ ಮೊದಲು ಬ್ಯಾಂಕ್ ಶಾಖೆಗೆ ಬರೆದು ಕೊಟ್ಟರೆ ಸಾಕು.

ಉಳಿದದ್ದನ್ನು ಹೀಗೆ ಬೇರೆ ಮಾಡಿ: ಜೀವ ವಿಮೆ, ಆರೋಗ್ಯ ವಿಮೆ, ಗಾಡಿ ವಿಮೆ, ಬೆಳೆ ವಿಮೆ, ಸಾಲದ ಜೊತೆ ಅಂಟಿಸಿದ ವಿಮೆ. ಸಾಲದ ವಿಮೆಗೆ ಬಹಳ ಸಲ ಬಾಂಡ್ ಇರುವುದಿಲ್ಲ, "ವಿಮಾ ಸರ್ಟಿಫಿಕೇಟ್" ಎಂಬ ಒಂದು ಹಾಳೆ ಮಾತ್ರ ಇರುತ್ತದೆ. ಸಿಗದಿದ್ದರೆ ಬ್ಯಾಂಕಿಗೆ ಬರೆದು ಕೇಳಿ ತೆಗೆದುಕೊಳ್ಳಿ.

2. ಬಾಂಡಿನಲ್ಲಿ ಏನು ಓದಬೇಕು

ಪೂರ್ತಿ ಬಾಂಡ್ ಓದಲು ಆಗದಿದ್ದರೆ ಗ್ರಾಹಕ ಮಾಹಿತಿ ಹಾಳೆಯನ್ನಾದರೂ ಓದಿ. ಏನು ಸಿಗುತ್ತದೆ, ಏನು ಸಿಗುವುದಿಲ್ಲ, ರದ್ದು ಮಾಡುವುದು ಹೇಗೆ, ದೂರು ಎಲ್ಲಿ ಕೊಡಬೇಕು ಎಂದು ಸರಳವಾಗಿ ಬರೆದ ಪುಟಗಳು ಇವು. ಆರೋಗ್ಯ ಪಾಲಿಸಿಗಳಿಗೆ ಇದು 2024ರ ಜನವರಿ 1ರಿಂದ ಹೊಸ ರೂಪದಲ್ಲಿ ಬರುತ್ತಿದೆ. ಕನ್ನಡದಲ್ಲಿ ಬೇಕು ಎಂದು ಕೇಳುವ ಹಕ್ಕು ನಿಮಗಿದೆ. ದಯವಿಟ್ಟು ಕೇಳಿ. ಕೇಳದೆ ಇದ್ದರೆ ಇಂಗ್ಲಿಷಿನದೇ ಬರುತ್ತದೆ.

ಜಾಸ್ತಿ ಎಡವುವುದು ಆರೋಗ್ಯ ವಿಮೆಯಲ್ಲಿ. ಹಾಗಾಗಿ ಅಲ್ಲಿನ ಪದಗಳನ್ನು ಒಂದೊಂದಾಗಿ ನೋಡೋಣ.

ಕಾಯುವ ಅವಧಿ ಎಂದರೆ ಪಾಲಿಸಿ ಇದ್ದರೂ ಕ್ಲೇಮ್ ಸಿಗದ ಕಾಲ. ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಯಾವ ಕಾಯಿಲೆಗೂ ಸಿಗುವುದಿಲ್ಲ. ಕಣ್ಣಿನ ಪೊರೆ, ಹರ್ನಿಯಾ, ಮಂಡಿ ಬದಲಾವಣೆಯಂಥ ಹೆಸರಿಸಿದ ಚಿಕಿತ್ಸೆಗಳಿಗೆ ಬೇರೆ ಅವಧಿ ಇರುತ್ತದೆ. ಪಾಲಿಸಿ ಮಾಡಿಸುವ ಮೊದಲೇ ಇದ್ದ ಶುಗರ್, ಬಿಪಿಯಂಥ ಕಾಯಿಲೆಗೆ ಹೆಚ್ಚೆಂದರೆ 36 ತಿಂಗಳು ಕಾಯಿಸಬಹುದು. ಮೊದಲು ಇದು 48 ತಿಂಗಳಿತ್ತು, 2024ರ ಏಪ್ರಿಲ್‌ನಿಂದ ಇಳಿದಿದೆ.

ಕೋ-ಪೇ ಎಂದರೆ ಬಿಲ್ಲಿನಲ್ಲಿ ನಿಮ್ಮ ಪಾಲು. 20 ಪರ್ಸೆಂಟ್ ಕೋ-ಪೇ ಇದ್ದರೆ 1 ಲಕ್ಷದ ಬಿಲ್ಲಿಗೆ 20 ಸಾವಿರ ನೀವೇ ಕೊಡಬೇಕು. ವಯಸ್ಸಾದವರ ಪಾಲಿಸಿಗಳಲ್ಲಿ ಇದು ಸಾಮಾನ್ಯ.

ರೂಮ್ ಬಾಡಿಗೆ ಮಿತಿಯನ್ನು ತಪ್ಪದೇ ನೋಡಿ. 3 ಲಕ್ಷದ ಪಾಲಿಸಿಯಲ್ಲಿ ದಿನದ ಬಾಡಿಗೆ 1 ಪರ್ಸೆಂಟ್ ಎಂದಿದ್ದರೆ 3,000 ರೂಪಾಯಿ. ನೀವು ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ 6,000ದ ರೂಮು ತೆಗೆದುಕೊಂಡರೆ ಕೈಯಿಂದ ಹೋಗುವುದು ಬಾಡಿಗೆಯ ವ್ಯತ್ಯಾಸವಷ್ಟೇ ಎಂದು ಅನೇಕರು ತಿಳಿದಿರುತ್ತಾರೆ. ಲೆಕ್ಕ ಹಾಗೆ ನಡೆಯುವುದಿಲ್ಲ. ಡಾಕ್ಟರ್ ಫೀ, ಆಪರೇಷನ್ ಥಿಯೇಟರ್, ನರ್ಸಿಂಗ್ ಶುಲ್ಕವನ್ನೂ ಅದೇ ಪ್ರಮಾಣದಲ್ಲಿ, ಅಂದರೆ ಅರ್ಧಕ್ಕೆ ಕಡಿಯಬಹುದು. ಔಷಧಿ, ದೇಹದೊಳಗೆ ಹಾಕುವ ಸಲಕರಣೆ, ಲ್ಯಾಬ್ ಪರೀಕ್ಷೆಗೆ ಈ ಕಡಿತ ಇಲ್ಲ. ಅಡ್ಮಿಟ್ ಆಗುವಾಗಲೇ ಇನ್ಶೂರೆನ್ಸ್ ಡೆಸ್ಕ್‌ನಲ್ಲಿ "ನನ್ನ ಪಾಲಿಸಿಗೆ ಎಷ್ಟರ ರೂಮು?" ಎಂದು ಕೇಳಿ.

ಜೀವ ವಿಮೆಯಲ್ಲಿ ನೋಡಬೇಕಾದ್ದು ಮೂರು. ಎಷ್ಟು ವರ್ಷ ಕಂತು ಕಟ್ಟಬೇಕು? ಸತ್ತರೆ ಎಷ್ಟು ಬರುತ್ತದೆ? ನಡುವೆ ಬಿಟ್ಟರೆ ಎಷ್ಟು ಬರುತ್ತದೆ? ಜೊತೆಗೆ ನಾಮಿನಿ ಹೆಸರು ಸರಿಯಿದೆಯಾ ನೋಡಿ. ಮದುವೆಗೆ ಮುಂಚೆ ಮಾಡಿಸಿದ ಎಷ್ಟೋ ಪಾಲಿಸಿಗಳಲ್ಲಿ ನಾಮಿನಿ ಇನ್ನೂ ತೀರಿಹೋದ ತಂದೆಯೇ ಆಗಿರುತ್ತಾರೆ.

ಗಾಡಿ ವಿಮೆಯಲ್ಲಿ ಥರ್ಡ್ ಪಾರ್ಟಿ ಎಂದರೆ ನಿಮ್ಮ ಗಾಡಿಯಿಂದ ಬೇರೆಯವರಿಗೆ ಆದ ಹಾನಿಗೆ. ನಿಮ್ಮ ಗಾಡಿಯ ರಿಪೇರಿಗೆ "ಸ್ವಂತ ಹಾನಿ" ಭಾಗ ಇರಬೇಕು. ಐಡಿವಿ ಎಂದರೆ ಗಾಡಿ ಕಳುವಾದರೆ ಅಥವಾ ಪೂರ್ತಿ ನಜ್ಜುಗುಜ್ಜಾದರೆ ಸಿಗುವ ಗರಿಷ್ಠ ಮೊತ್ತ. ಟ್ರ್ಯಾಕ್ಟರ್ ಇರುವವರಿಗೆ ಒಂದು ಎಚ್ಚರಿಕೆ: ಟ್ರೇಲರ್‌ಗೆ ಬೇರೆಯೇ ನೋಂದಣಿ ಮತ್ತು ವಿಮೆ ಬೇಕು. ಕೃಷಿ ಬಳಕೆಯ ಪಾಲಿಸಿ ಇಟ್ಟುಕೊಂಡು ಟ್ರೇಲರ್ ತುಂಬ ಜನರನ್ನು ನಾಯಕನಹಟ್ಟಿ ಜಾತ್ರೆಗೆ ಕರೆದುಕೊಂಡು ಹೋದರೆ, ದಾರಿಯಲ್ಲಿ ಏನಾದರೂ ಆದಾಗ ಆ ಜನರಿಗೆ ಪರಿಹಾರ ಸಿಗುವುದು ಬಹಳ ಕಷ್ಟ. ಪರಿಹಾರದ ಹೊರೆ ಮಾಲೀಕನ ತಲೆ ಮೇಲೆ ಬೀಳುತ್ತದೆ.

ಕೊನೆಗೆ, ಅರ್ಜಿಯ ಪ್ರತಿಯಲ್ಲಿ ನಿಮ್ಮ ಉತ್ತರಗಳನ್ನು ಓದಿ. "ಶುಗರ್ ಇದೆಯಾ?" ಎಂಬಲ್ಲಿ ಏಜೆಂಟ್ ತಾನೇ "ಇಲ್ಲ" ಎಂದು ತುಂಬಿರಬಹುದು. ಸಹಿ ನಿಮ್ಮದು, ಹಾಗಾಗಿ ಹೊಣೆಯೂ ನಿಮ್ಮದೇ. ತಪ್ಪಿದ್ದರೆ ಈಗಲೇ ಕಂಪನಿಗೆ ಬರೆದು ತಿದ್ದಿಸಿ.

3. ರದ್ದು ಮಾಡಲೇಬೇಕಾ? ಬೇರೆ ದಾರಿ ಇದೆಯಾ ನೋಡಿ

ಆರೋಗ್ಯ ಪಾಲಿಸಿಯ ಕಂಪನಿ ಇಷ್ಟವಾಗದಿದ್ದರೆ ರದ್ದು ಮಾಡಬೇಡಿ, ಪೋರ್ಟ್ ಮಾಡಿ. ಮೊಬೈಲ್ ನಂಬರ್ ಉಳಿಸಿಕೊಂಡು ಕಂಪನಿ ಬದಲಿಸುತ್ತೀರಲ್ಲ, ಹಾಗೆಯೇ ಇಲ್ಲೂ ನೀವು ಆಗಲೇ ಕಳೆದ ಕಾಯುವ ಅವಧಿ ಉಳಿಯುತ್ತದೆ. ನವೀಕರಣದ ದಿನಕ್ಕೆ 45 ದಿನ ಮೊದಲೇ ಹೊಸ ಕಂಪನಿಗೆ ಅರ್ಜಿ ಹಾಕಿ. ಹೊಸ ಕಂಪನಿ ಒಪ್ಪಿಕೊಳ್ಳುವವರೆಗೆ ಹಳೆಯದನ್ನು ಬಿಡಬೇಡಿ. ಐವತ್ತು ದಾಟಿದವರು, ಶುಗರ್ ಇರುವವರು ಹಳೆಯದನ್ನು ರದ್ದು ಮಾಡಿ ಹೊಸದಕ್ಕೆ ಹೋದಾಗ "ಕೊಡಲು ಆಗುವುದಿಲ್ಲ" ಎಂದು ವಾಪಸ್ ಬರುವುದುಂಟು. ಆಗ ಎರಡೂ ಇಲ್ಲ.

ಸತತ 60 ತಿಂಗಳು ನಡೆದ ಆರೋಗ್ಯ ಪಾಲಿಸಿಯಲ್ಲಿ, ವಂಚನೆ ಸಾಬೀತಾದ ಹೊರತು, "ನೀವು ಕಾಯಿಲೆ ಮುಚ್ಚಿಟ್ಟಿದ್ದಿರಿ" ಎಂದು ಕಂಪನಿ ಕ್ಲೇಮ್ ತಳ್ಳಿಹಾಕುವಂತಿಲ್ಲ. ಜೀವ ವಿಮೆಗೆ ಈ ರಕ್ಷಣೆ 3 ವರ್ಷಕ್ಕೆ ಬರುತ್ತದೆ. ವಿಮಾ ಕಾಯ್ದೆಯ 45ನೇ ಸೆಕ್ಷನ್ ಇದು. ರದ್ದು ಮಾಡಿದರೆ ಈ ಲೆಕ್ಕವೂ ಸೊನ್ನೆಗೆ ಬರುತ್ತದೆ.

ಜೀವ ವಿಮೆಯ ಕಂತು ಭಾರವಾಗಿದ್ದರೆ ಪೇಯ್ಡ್-ಅಪ್ ಮಾಡಿಸಬಹುದು. ಅಂದರೆ ಮುಂದೆ ಕಂತು ಇಲ್ಲ, ವಿಮಾ ಮೊತ್ತ ಕಡಿಮೆಯಾಗುತ್ತದೆ, ಅವಧಿ ಮುಗಿದಾಗ ಅಥವಾ ಸಾವಾದಾಗ ಆ ಕಡಿಮೆ ಮೊತ್ತ ಬರುತ್ತದೆ. ತುರ್ತಿಗೆ ದುಡ್ಡು ಬೇಕಿದ್ದರೆ ಪಾಲಿಸಿ ಮೇಲೆ ಸಾಲ ಸಿಗುತ್ತಾ ಕೇಳಿ.

ಕುಟುಂಬ ನಿಮ್ಮ ದುಡಿಮೆಯ ಮೇಲೆ ನಿಂತಿದ್ದರೆ ಟರ್ಮ್ ಪಾಲಿಸಿಯನ್ನು, ಅಂದರೆ ಅವಧಿಯೊಳಗೆ ಸತ್ತರೆ ಮಾತ್ರ ಹಣ ಬರುವ ಪಾಲಿಸಿಯನ್ನು, ಯಾರ ಮಾತು ಕೇಳಿಯೂ ಬಿಡಬೇಡಿ. "ಬದುಕಿದ್ದರೆ ಏನೂ ಬರಲ್ಲ" ಎಂಬುದು ಅದನ್ನು ಬಿಡಲು ಕಾರಣವಲ್ಲ.

4. ಬಾಂಡ್ ಕೈಗೆ ಬಂದು 30 ದಿನ ಆಗಿಲ್ಲವಾ? ಇವತ್ತೇ ಬರೆಯಿರಿ

ಇದನ್ನು ಫ್ರೀ ಲುಕ್ ಅವಧಿ ಎನ್ನುತ್ತಾರೆ. ಓದಿ ನೋಡಿ, ಬೇಡವಾದರೆ ವಾಪಸ್ ಕೊಡುವ ಕಾಲ. ಮೊದಲು ಸಾಮಾನ್ಯವಾಗಿ 15 ದಿನ ಇತ್ತು. 2024ರ ಏಪ್ರಿಲ್ 1ರಿಂದ ಜೀವ ವಿಮೆ ಮತ್ತು ಆರೋಗ್ಯ ವಿಮೆಗೆ 30 ದಿನ. ಹೊಸ ಪಾಲಿಸಿಗೆ ಮಾತ್ರ, ನವೀಕರಣಕ್ಕೆ ಇಲ್ಲ. ಗಾಡಿ ವಿಮೆಗೂ ಇಲ್ಲ.

ಎಣಿಕೆ ಶುರುವಾಗುವುದು ಬಾಂಡ್ ನಿಮಗೆ ತಲುಪಿದ ದಿನದಿಂದ. ದುಡ್ಡು ಕಟ್ಟಿದ ದಿನದಿಂದ ಅಲ್ಲ. ಲಕೋಟೆ ಇಟ್ಟುಕೊಳ್ಳಿ ಎಂದದ್ದು ಇದಕ್ಕೇ. ಅದರ ಮೇಲಿನ ಅಂಚೆ ಮುದ್ರೆ ಅಥವಾ ಸ್ಪೀಡ್ ಪೋಸ್ಟ್ ನಂಬರ್ ನಿಮ್ಮ ಸಾಕ್ಷಿ. ಇ-ಮೇಲ್‌ನಲ್ಲಿ ಬಂದಿದ್ದರೆ ಮೇಲ್ ಬಂದ ದಿನವೇ ಲೆಕ್ಕ. ಇ-ಮೇಲ್ ನೋಡುವ ಅಭ್ಯಾಸ ಇಲ್ಲದವರು ಇಲ್ಲೇ ದಿನ ಕಳೆದುಕೊಳ್ಳುತ್ತಾರೆ.

ಪತ್ರ ಹೀಗಿರಲಿ:

"ಇವರಿಗೆ, ಶಾಖಾ ವ್ಯವಸ್ಥಾಪಕರು. ವಿಷಯ: ಪಾಲಿಸಿ ಸಂಖ್ಯೆ ______ ಅನ್ನು ಫ್ರೀ ಲುಕ್ ಅವಧಿಯಲ್ಲಿ ರದ್ದು ಮಾಡುವ ಬಗ್ಗೆ. ಈ ಪಾಲಿಸಿ ನನಗೆ ದಿನಾಂಕ ______ ರಂದು ತಲುಪಿದೆ. ಷರತ್ತುಗಳನ್ನು ಓದಿದ್ದೇನೆ, ಒಪ್ಪಿಗೆ ಇಲ್ಲ. ದಯವಿಟ್ಟು ಪಾಲಿಸಿ ರದ್ದು ಮಾಡಿ, ಕಟ್ಟಿದ ಹಣವನ್ನು ಈ ಖಾತೆಗೆ ಜಮಾ ಮಾಡಿ: ______. ಬಾಂಡ್, ಕ್ಯಾನ್ಸಲ್ ಮಾಡಿದ ಚೆಕ್, ಗುರುತಿನ ಚೀಟಿಯ ಪ್ರತಿ ಲಗತ್ತಿಸಿದೆ. ಸಹಿ, ದಿನಾಂಕ, ಮೊಬೈಲ್ ಸಂಖ್ಯೆ."

ಎರಡು ಪ್ರತಿ ಮಾಡಿ. ವಿಮಾ ಕಂಪನಿಯ ಶಾಖೆಗೆ ನೀವೇ ಹೋಗಿ ಒಂದು ಕೊಡಿ, ಇನ್ನೊಂದರ ಮೇಲೆ ದಿನಾಂಕದ ಜೊತೆ ಸೀಲ್ ಹಾಕಿಸಿಕೊಳ್ಳಿ. ದೊಡ್ಡ ಕಂಪನಿಗಳ ಶಾಖೆ ದಾವಣಗೆರೆ, ಚಿತ್ರದುರ್ಗದಲ್ಲೇ ಸಿಗುತ್ತವೆ. ಮೊಳಕಾಲ್ಮೂರಿನಿಂದಲೋ ಜಗಳೂರಿನಿಂದಲೋ ಬರುವುದು ಕಷ್ಟವಾದರೆ ಸ್ಪೀಡ್ ಪೋಸ್ಟ್ ಮಾಡಿ. ಏನೇ ಆದರೂ ಅದೇ ದಿನ ಕಂಪನಿಯ ಅಧಿಕೃತ ಇ-ಮೇಲ್‌ಗೂ ಕಳಿಸಿ. ಮೇಲ್ ಇಂಗ್ಲಿಷಿನಲ್ಲಿ ಇದ್ದರೆ ಮುಂಬೈನಲ್ಲಿ ಕೂತವರಿಗೆ "ಅರ್ಥವಾಗಲಿಲ್ಲ" ಎನ್ನುವ ನೆಪ ಇರುವುದಿಲ್ಲ.

ಕಡಿತವಾಗುವುದು ಮೂರೇ: ಪಾಲಿಸಿ ಇದ್ದಷ್ಟು ದಿನದ ವಿಮಾ ಖರ್ಚು, ವೈದ್ಯಕೀಯ ಪರೀಕ್ಷೆ ಮಾಡಿಸಿದ್ದರೆ ಅದರ ಖರ್ಚು, ಸ್ಟ್ಯಾಂಪ್ ಶುಲ್ಕ. ಅರ್ಜಿ ಸೇರಿದ 7 ದಿನದೊಳಗೆ ಹಣ ವಾಪಸ್ ಕೊಡಬೇಕು ಎಂಬುದು ನಿಯಮ.

ಇಲ್ಲಿ ಆಗುವ ದೊಡ್ಡ ತಪ್ಪು ಏಜೆಂಟ್ ಮಾತಿಗೆ ಕಾಯುವುದು. "ನಾನು ಮಾಡಿಸ್ತೀನಿ ಬಿಡಿ, ಮುಂದಿನ ವಾರ ಬರ್ತೀನಿ" ಎನ್ನುತ್ತಾರೆ. ಒಂದು ವಾರ ನಾಲ್ಕು ವಾರವಾಗುತ್ತದೆ. ಏಜೆಂಟ್‌ಗೆ ಬಾಯಲ್ಲಿ ಹೇಳಿದ್ದಕ್ಕೆ ಯಾವ ದಾಖಲೆಯೂ ಇರುವುದಿಲ್ಲ. ಮೂಲ ಬಾಂಡನ್ನು ಅವರ ಕೈಗೆ ಕೊಟ್ಟು ಕಳಿಸಲೂ ಬೇಡಿ.

5. 30 ದಿನ ದಾಟಿದ್ದರೆ

ಜೀವ ವಿಮೆ. ನಡುವೆ ಬಿಟ್ಟಾಗ ಬರುವ ಮೊತ್ತವೇ ಸರೆಂಡರ್ ಮೌಲ್ಯ. ಈಗಿನ ನಿಯಮದ ಸಾಂಪ್ರದಾಯಿಕ (ಷೇರು ಮಾರುಕಟ್ಟೆಗೆ ಜೋಡಿಸದ) ಪಾಲಿಸಿಗಳಲ್ಲಿ 2 ವರ್ಷ ಕಂತು ಕಟ್ಟಿದ ಮೇಲೆ ಖಾತ್ರಿ ಸರೆಂಡರ್ ಮೌಲ್ಯ ಸಿಗುತ್ತದೆ. ಎರಡನೇ ವರ್ಷ ಬಿಟ್ಟರೆ ಕಟ್ಟಿದ್ದರ ಕನಿಷ್ಠ 30 ಪರ್ಸೆಂಟ್, ಮೂರನೇ ವರ್ಷ 35, ನಾಲ್ಕರಿಂದ ಏಳನೇ ವರ್ಷದವರೆಗೆ 50. ವರ್ಷಕ್ಕೆ 40,000ದಂತೆ ಎರಡು ಕಂತು ಕಟ್ಟಿದ್ದರೆ 80,000ಕ್ಕೆ 24,000. ನಾಲ್ಕು ಕಂತು ಕಟ್ಟಿದ್ದರೆ 1,60,000ಕ್ಕೆ 80,000. ನಡುವೆ ಮನಿ-ಬ್ಯಾಕ್ ಬಂದಿದ್ದರೆ ಅದನ್ನು ಕಳೆಯುತ್ತಾರೆ. ಇದರ ಜೊತೆ ವಿಶೇಷ ಸರೆಂಡರ್ ಮೌಲ್ಯ ಎಂಬ ಇನ್ನೊಂದು ಲೆಕ್ಕ ಇದೆ. ಎರಡರಲ್ಲಿ ಯಾವುದು ಜಾಸ್ತಿಯೋ ಅದನ್ನು ಕೊಡಬೇಕು. 2024ರ ಅಕ್ಟೋಬರ್ 1ರಿಂದ ಹೊಸ ನಿಯಮದಡಿ ಮಾರಿದ ಪಾಲಿಸಿಗಳಲ್ಲಿ ಒಂದು ಪೂರ್ತಿ ವರ್ಷದ ಕಂತು ಕಟ್ಟಿ, ಮೊದಲ ವರ್ಷ ಮುಗಿದಿದ್ದರೂ ಈ ವಿಶೇಷ ಮೌಲ್ಯ ಸಿಗುತ್ತದೆ. ಅದಕ್ಕಿಂತ ಹಳೆಯ ಪಾಲಿಸಿಗೆ ಬಾಂಡಿನಲ್ಲಿ ಬರೆದ ಲೆಕ್ಕವೇ ನಡೆಯುತ್ತದೆ.

ಆದ್ದರಿಂದ ಮೊದಲು ಶಾಖೆಯಲ್ಲಿ "ಇವತ್ತಿಗೆ ಸರೆಂಡರ್ ಮಾಡಿದರೆ ಎಷ್ಟು? ಪೇಯ್ಡ್-ಅಪ್ ಮಾಡಿದರೆ ಎಷ್ಟು?" ಎಂದು ಎರಡನ್ನೂ ಬರಹದಲ್ಲಿ ಪಡೆಯಿರಿ. ಮನೆಗೆ ತಂದು ಕೂತು ಹೋಲಿಸಿ. ಆಮೇಲೆ ಸರೆಂಡರ್ ಫಾರಂ, ಬಾಂಡ್, ಕ್ಯಾನ್ಸಲ್ ಮಾಡಿದ ಚೆಕ್ ಕೊಡಿ. ಈ ಕಂತಿಗೆ ಆದಾಯ ತೆರಿಗೆಯಲ್ಲಿ 80ಸಿ ವಿನಾಯಿತಿ ಪಡೆದಿದ್ದು, ಎರಡು ವರ್ಷದ ಕಂತು ತುಂಬುವ ಮೊದಲೇ ಬಿಟ್ಟರೆ ಆ ವಿನಾಯಿತಿ ವಾಪಸ್ ಹೋಗಿ ತೆರಿಗೆ ಬೀಳುತ್ತದೆ ಎಂಬುದೂ ನೆನಪಿರಲಿ.

ಯುಲಿಪ್. ಕಂತಿನ ಒಂದು ಭಾಗ ಷೇರು ಮಾರುಕಟ್ಟೆಗೆ ಹೋಗುವ ಪಾಲಿಸಿ ಇದು. 5 ವರ್ಷ ದುಡ್ಡು ಕೈಗೆ ಬರುವುದಿಲ್ಲ. ಮೊದಲೇ ನಿಲ್ಲಿಸಿದರೆ ಶುಲ್ಕ ಕಳೆದು ಉಳಿದದ್ದನ್ನು ಬೇರೆ ನಿಧಿಯಲ್ಲಿ ಇಡುತ್ತಾರೆ, ಅದಕ್ಕೆ ಕನಿಷ್ಠ 4 ಪರ್ಸೆಂಟ್ ಬಡ್ಡಿ ಸಿಗುತ್ತದೆ, 5 ವರ್ಷ ತುಂಬಿದ ಮೇಲೆ ಕೊಡುತ್ತಾರೆ. 5 ವರ್ಷದ ನಂತರ ಬಿಟ್ಟರೆ ಸರೆಂಡರ್ ಶುಲ್ಕ ಇಲ್ಲ.

ಆರೋಗ್ಯ ವಿಮೆ. 7 ದಿನದ ನೋಟಿಸ್ ಬರಹದಲ್ಲಿ ಕೊಟ್ಟು ಯಾವಾಗ ಬೇಕಾದರೂ ರದ್ದು ಮಾಡಬಹುದು. ಒಂದು ವರ್ಷದ ಪಾಲಿಸಿಯಲ್ಲಿ ಕ್ಲೇಮ್ ಮಾಡಿಲ್ಲದಿದ್ದರೆ ಉಳಿದ ದಿನಗಳ ಕಂತು ಲೆಕ್ಕ ಹಾಕಿ ವಾಪಸ್ ಕೊಡುತ್ತಾರೆ.

ಗಾಡಿ ವಿಮೆ. ಥರ್ಡ್ ಪಾರ್ಟಿ ಕಾನೂನಿನಲ್ಲಿ ಕಡ್ಡಾಯ. ಹಾಗಾಗಿ ಬೇರೆ ಪಾಲಿಸಿ ಇದೆ ಎಂದೋ, ಆರ್‌ಸಿ ರದ್ದಾಗಿದೆ ಎಂದೋ ದಾಖಲೆ ತೋರಿಸದೆ ಅದನ್ನು ರದ್ದು ಮಾಡುವುದಿಲ್ಲ. ಗಾಡಿ ಮಾರಿದ್ದರೆ ಪಾಲಿಸಿಯನ್ನು 14 ದಿನದೊಳಗೆ ಕೊಂಡವರ ಹೆಸರಿಗೆ ಮಾಡಿಸಲು ಹೇಳಿ. ಆದರೆ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ್ದಕ್ಕೆ ಕಂತಿನಲ್ಲಿ ಸಿಗುವ ರಿಯಾಯಿತಿ, ಗಾಡಿಯದ್ದಲ್ಲ, ನಿಮ್ಮದು. ಅದು 20ರಿಂದ 50 ಪರ್ಸೆಂಟ್‌ವರೆಗೆ ಇರುತ್ತದೆ. ಅದರ ಸರ್ಟಿಫಿಕೇಟ್ ತೆಗೆದುಕೊಂಡು ಹೊಸ ಗಾಡಿಗೆ ಬಳಸಿ. ಗೊತ್ತಿಲ್ಲದೆ ಇದನ್ನು ಬಿಟ್ಟುಕೊಟ್ಟವರು ತುಂಬಾ ಜನ.

ಸಾಲದ ಜೊತೆಗಿನ ವಿಮೆ. "ಇದೇ ಕಂಪನಿಯ ಪಾಲಿಸಿ ಮಾಡಿಸಿದರೆ ಮಾತ್ರ ಸಾಲ" ಎಂದು ಒತ್ತಾಯ ಮಾಡುವಂತಿಲ್ಲ. ಕಂತನ್ನು ಸಾಲಕ್ಕೇ ಸೇರಿಸಿ ಅದರ ಮೇಲೂ ಬಡ್ಡಿ ಹಾಕಿರಬಹುದು, ಸಾಲದ ಸ್ಟೇಟ್‌ಮೆಂಟ್ ನೋಡಿ. ಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ಉಳಿದ ಕಾಲದ ವಿಮೆಗೆ ಹಣ ವಾಪಸ್ ಬರುತ್ತಾ ಎಂದು ಕೇಳಿ. ಸಾಲ ತೀರಿದೆ ಎಂಬ ಎನ್‌ಒಸಿ ಪತ್ರ ಕೈಗೆ ಬಂದ ಖುಷಿಯಲ್ಲಿ ಇದನ್ನು ಮರೆಯುವವರು ಹೆಚ್ಚು.

ಬೆಳೆ ವಿಮೆ. 2020ರ ಮುಂಗಾರಿನಿಂದ ಬೆಳೆ ಸಾಲ ಪಡೆದ ರೈತರಿಗೂ ಫಸಲ್ ಬಿಮಾ ಕಡ್ಡಾಯವಲ್ಲ. ಬೇಡ ಎಂದರೆ ನೋಂದಣಿಯ ಕೊನೆ ದಿನಕ್ಕೆ 7 ದಿನ ಮೊದಲು ಬ್ಯಾಂಕಿಗೆ ಬರೆದು ಕೊಡಬೇಕು. ಕೊಡದಿದ್ದರೆ ಕಂತು ಕಡಿತವಾಗುತ್ತದೆ. ಮುಂಗಾರು ಬೆಳೆಗೆ ವಿಮಾ ಮೊತ್ತದ 2 ಪರ್ಸೆಂಟ್, ಹಿಂಗಾರಿಗೆ ಒಂದೂವರೆ, ವಾಣಿಜ್ಯ ಮತ್ತು ತೋಟದ ಬೆಳೆಗೆ 5. ಚಳ್ಳಕೆರೆಯ ಶೇಂಗಾ ರೈತರು ಮಳೆಯನ್ನೇ ನಂಬಿರುವಾಗ ಬಿಡುವ ಮುನ್ನ ಎರಡು ಸಲ ಯೋಚಿಸಿ. ಅಡಿಕೆ, ದಾಳಿಂಬೆಗೆ ಇರುವುದು ಹವಾಮಾನ ಆಧಾರಿತ ವಿಮೆ. ಅಲ್ಲಿ ಯಾರೂ ನಿಮ್ಮ ತೋಟಕ್ಕೆ ಬಂದು ನೋಡಿ ಪರಿಹಾರ ಲೆಕ್ಕ ಹಾಕುವುದಿಲ್ಲ. ನಿಗದಿ ಮಾಡಿದ ಮಳೆಮಾಪನ ಕೇಂದ್ರದ ಅಂಕಿಗಳೇ ಆಧಾರ. ಫಸಲ್ ಬಿಮಾದಲ್ಲಿ ಆಲಿಕಲ್ಲು ಮಳೆಯಂಥ ಸ್ಥಳೀಯ ಹಾನಿಗೆ 72 ಗಂಟೆಯೊಳಗೆ ತಿಳಿಸಬೇಕು.

6. ಬ್ಯಾಂಕಿನ ಆಟೋ ಡೆಬಿಟ್ ನಿಲ್ಲಿಸಿ, ಆದರೆ ಕೊನೆಗೆ

ಪಾಲಿಸಿ ರದ್ದಾಗಿದೆ ಎಂದು ಕಂಪನಿಯಿಂದ ಬರಹ ಬಂದ ಮೇಲೆ ಬ್ಯಾಂಕಿಗೆ ಹೋಗಿ ಆಟೋ ಡೆಬಿಟ್ ಒಪ್ಪಿಗೆ ರದ್ದು ಮಾಡಿಸಿ. ಯುಪಿಐ ಆಟೋಪೇ ಆಗಿದ್ದರೆ ಆ್ಯಪ್‌ನಲ್ಲೇ ತೆಗೆಯಬಹುದು. ಮೊದಲೇ ಇದನ್ನು ಮಾಡಿ ಸುಮ್ಮನಾದರೆ ಪಾಲಿಸಿ ಲ್ಯಾಪ್ಸ್ ಆಗಬಹುದು, ಅಂದರೆ ಕಂತಿಲ್ಲದೆ ನಿಂತುಹೋಗಬಹುದು. ಆಗ ವಿಮೆಯೂ ಇಲ್ಲ, ಅರ್ಜಿ ಹಾಕದ್ದಕ್ಕೆ ಹಣವೂ ಇಲ್ಲ. ಕಂತಿನ ದಿನ ಹತ್ತಿರವಿದ್ದರೆ ಗಾಬರಿ ಬೇಡ, ಆ ದಿನ ದಾಟಿದ ಮೇಲೂ ಕಂತು ಕಟ್ಟಲು ಹೆಚ್ಚುವರಿ ದಿನಗಳು ಇರುತ್ತವೆ: ತಿಂಗಳ ಕಂತಿಗೆ 15 ದಿನ, ಉಳಿದ ಕಂತುಗಳಿಗೆ 30 ದಿನ.

7. ಹಣ ಬರಲಿಲ್ಲ, ಉತ್ತರವೂ ಇಲ್ಲ ಎಂದರೆ

ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. ಅವರ ವಿಳಾಸ ಬಾಂಡಿನಲ್ಲೇ ಇರುತ್ತದೆ. ಎರಡು ವಾರದಲ್ಲಿ ಇತ್ಯರ್ಥವಾಗಬೇಕು. ಆಗದಿದ್ದರೆ ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಹೈದರಾಬಾದಿನ ಐಆರ್‌ಡಿಎಐ ನಡೆಸುವ ಬಿಮಾ ಭರೋಸಾ ಜಾಲತಾಣದಲ್ಲಿ ದೂರು ದಾಖಲಿಸಿ. 155255ಕ್ಕೆ ಫೋನ್ ಮಾಡಿಯೂ ದೂರು ಕೊಡಬಹುದು.

ಕಂಪನಿ ಒಂದು ತಿಂಗಳಾದರೂ ಉತ್ತರ ಕೊಡದಿದ್ದರೆ ಅಥವಾ ಕೊಟ್ಟ ಉತ್ತರ ಸರಿಯಿಲ್ಲದಿದ್ದರೆ ವಿಮಾ ಒಂಬುಡ್ಸ್‌ಮನ್, ಅಂದರೆ ವಿಮೆಯ ದೂರುಗಳನ್ನು ಇತ್ಯರ್ಥ ಮಾಡುವ ಅಧಿಕಾರಿಯ ಬಳಿ ಹೋಗಿ. ಕರ್ನಾಟಕದ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಆನ್‌ಲೈನ್‌ನಲ್ಲೂ ದೂರು ಹಾಕಬಹುದು. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ. 50 ಲಕ್ಷದವರೆಗಿನ ವ್ಯಾಜ್ಯ ನೋಡುತ್ತಾರೆ. ಕಂಪನಿ ಇಲ್ಲ ಎಂದ ದಿನದಿಂದ ಒಂದು ವರ್ಷದೊಳಗೆ ಹೋಗಬೇಕು. ದಾವಣಗೆರೆ ಮತ್ತು ಚಿತ್ರದುರ್ಗದ ಜಿಲ್ಲಾ ಗ್ರಾಹಕರ ಆಯೋಗಗಳೂ ಇವೆ. ಆದರೆ ಅಲ್ಲಿ ಕೇಸ್ ಹಾಕಿದ್ದರೆ ಅದೇ ವಿಷಯಕ್ಕೆ ಒಂಬುಡ್ಸ್‌ಮನ್ ಬಳಿ ಹೋಗಲು ಆಗುವುದಿಲ್ಲ. ಸಣ್ಣ ಮೊತ್ತಕ್ಕೆ ಒಂಬುಡ್ಸ್‌ಮನ್ ದಾರಿಯೇ ಮೊದಲು ಹಿಡಿಯಿರಿ ಎನ್ನುತ್ತೇನೆ.

ದೂರು ಕೊಟ್ಟ ಮೇಲೆ ಅಥವಾ ಪಾಲಿಸಿ ಲ್ಯಾಪ್ಸ್ ಆದ ಮೇಲೆ ಒಂದು ಬಗೆಯ ಫೋನ್ ಬರಬಹುದು. "ಐಆರ್‌ಡಿಎಐಯಿಂದ ಮಾತಾಡ್ತಿದೀವಿ, ನಿಮ್ಮ ಪಾಲಿಸಿಗೆ ಬೋನಸ್ ಬಂದಿದೆ, ಬಿಡಿಸಲು ಇಷ್ಟು ಕಟ್ಟಿ" ಎನ್ನುತ್ತಾರೆ. ಪಾಲಿಸಿ ನಂಬರ್, ನಾಮಿನಿ ಹೆಸರು ಎಲ್ಲ ಸರಿಯಾಗಿಯೇ ಹೇಳುತ್ತಾರೆ. ಐಆರ್‌ಡಿಎಐ ಪಾಲಿಸಿ ಮಾರುವುದಿಲ್ಲ, ಬೋನಸ್ ಘೋಷಿಸುವುದಿಲ್ಲ, ಯಾರಿಂದಲೂ ಕಂತು ಕಟ್ಟಿಸಿಕೊಳ್ಳುವುದಿಲ್ಲ. ಫೋನ್ ಇಟ್ಟುಬಿಡಿ. ದುಡ್ಡು ಆಗಲೇ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ.